ಹೊಂಗೆ ಮರದ ಕೆಳಗೆ ಹಾಕಿದ ದಾಕು

ಜಯಮ್ಮ, ನಿನ್ನ ತೋಳಿಗೆ ನಾನು ಸಿಡುಬಿನ ದಾಕು ಹಾಕಲೇ ಇಲ್ಲ. ಹಾಕಿದ್ದೇನೆಂದು ಸರ್ಕಾರದ ಪುಸ್ತಕದಲ್ಲಿ ಬರೆದೆ. ಆಮೇಲೆ ನಿನಗೆ ಸಿಡುಬು ಬಂದು ಎಡಗಣ್ಣು ಹೋದಾಗ, ನಿಮ್ಮವ್ವ ಅದನ್ನು ಒರೆಸಿ ಹಾಕಿರಬೇಕೆಂದು ಹತ್ತು ಜನರ ಎದುರಿಗೆ ಹೇಳಿದೆ. ನಿಮ್ಮವ್ವ ಒರೆಸಲಿಲ್ಲ. ಒರೆಸುವುದಕ್ಕೆ ನಿನ್ನ ತೋಳಿನ ಮೇಲೆ ಏನೂ ಇರಲಿಲ್ಲ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಕಾರಣಗಳಿಂದ ಶುರುಮಾಡಲು ನನಗೆ ನನ್ನ ಮೇಲೆ ನಂಬಿಕೆಯಿಲ್ಲ — ಸುತ್ತಿ ಬಳಸಿ, ಅಲ್ಲಿ ಇಲ್ಲಿ ನಿಂತು, ತಪ್ಪಿನ ಹತ್ತಿರ ಬರುವ ಹೊತ್ತಿಗೆ ಕೇಳುವವರು ನನ್ನನ್ನೇ ಅಯ್ಯೋ ಪಾಪ ಎನ್ನುವಂತೆ ಮಾಡಿಬಿಟ್ಟೇನು. ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ಅಷ್ಟು ಬರೆಯಲು ಬರುತ್ತದೆ.

ನಾನು ಯಾರೆಂದು ನಿನಗೆ ಗೊತ್ತು. ರಾಜಾಜಿನಗರದ ಈ ಬೀದಿಗೆ ಮಂಗಳವಾರ, ಶುಕ್ರವಾರ ಸೊಪ್ಪು ಮಾರಲು ಬರುತ್ತೀಯಲ್ಲ, ಬುಟ್ಟಿ ಇಳಿಸಿ ಒಂದು ಗಳಿಗೆ ಕೂರುವ ಮೂರನೆಯ ಮನೆಯ ಮುದುಕ. ನನ್ನನ್ನು ತಾತ ಎನ್ನುತ್ತೀಯ. "ಒಬ್ರಿಗೆ ಎರಡು ಕಟ್ಟು ಯಾಕೆ ತಾತ, ಯಾರಾದ್ರೂ ನೆಂಟರು ಬರ್ತಾರಾ?" ಎಂದು ರೇಗಿಸುತ್ತೀಯ. ನೆಂಟರು ಬರುವುದಿಲ್ಲವೆಂದು ನಿನಗೂ ಗೊತ್ತು. ಒಂದು ಕಟ್ಟು ಕೊಂಡರೆ ನೀನು ಬೇಗ ಎದ್ದು ಹೋಗುತ್ತೀಯೆಂದು ಎರಡು ಕೊಳ್ಳುತ್ತಿದ್ದೆ, ಇದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಒಂದು ವರ್ಷ ಹಾಗೆ ಸೊಪ್ಪು ಕೊಂಡೆ. ನಿನ್ನ ಮುಖದ ಕಲೆ, ಮುಚ್ಚಿದ ಆ ಕಣ್ಣು — ನೋಡುತ್ತಲೇ ಇದ್ದೆ, ಕೇಳಲಿಲ್ಲ. ನಮ್ಮ ಕಾಲದಲ್ಲಿ ಅಂಥ ಮುಖಗಳು ಬೀದಿಗೊಂದು ಇದ್ದವು. ಹೋದ ಶ್ರಾವಣದಲ್ಲಿ ಪಕ್ಕದ ಮನೆಯಾಕೆ ನಿನ್ನನ್ನು ಕೇಳಿದಳು. ನೀನು ದಂಟಿನ ಬೇರು ಮುರಿಯುತ್ತ, ಹವಾಮಾನದ ಮಾತು ಆಡಿದಷ್ಟು ಸಲೀಸಾಗಿ ಹೇಳಿದೆ:

"ಚಿಕ್ಕೋಳಿದ್ದಾಗ ಅಮ್ಮ ಆಗಿತ್ತು ಕಣಕ್ಕ. ದಾಕು ಹಾಕಿದ್ರಂತೆ, ನಮ್ಮವ್ವ ಒರೆಸ್ಬಿಟ್ಲಂತೆ. ಅತ್ತಿಗುಪ್ಪೇಲಿ ಎಲ್ರಿಗೂ ಗೊತ್ತು."

"ಅಯ್ಯೋ, ಹೆತ್ತೋಳೇ?" ಎಂದಳು ಆಕೆ.

"ಹೂಂ. ಅದ್ಕೇ ಅವಳ ಹತ್ರ ನಾನು ಅಷ್ಟಕ್ಕಷ್ಟೆ. ಅನ್ನ ಹಾಕ್ತೀನಿ, ಮಾತಿಲ್ಲ."

ನಾನು ಸೊಪ್ಪನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಒಳಗೆ ಹೋದೆ. ಮಧ್ಯಾಹ್ನ ನೋಡಿದರೆ ಯಾವುದೋ ಹಸು ತಿಂದು ಹೋಗಿತ್ತು.

ಅಂದಿನಿಂದ ಎಷ್ಟು ಮಂಗಳವಾರ, ಎಷ್ಟು ಶುಕ್ರವಾರ. ನೀನು ಕೂಗಿದಾಗಲೆಲ್ಲ ಈ ಸಲ ಹೇಳಿಯೇ ಬಿಡೋಣವೆಂದು ಎದ್ದು ಬರುತ್ತೇನೆ, ಸಬ್ಬಸಿಗೆ ಇದೆಯಾ ಎಂದು ಕೇಳಿ ಒಳಗೆ ಹೋಗುತ್ತೇನೆ. ಹಿಂದೆ ಹೇಗಿದ್ದೆನೋ ಈಗಲೂ ಹಾಗೆಯೇ ಇದ್ದೇನೆ.

ಈಗ ಹಿಂದಿನದನ್ನು ಹೇಳಬೇಕು. ಐವತ್ತರ ದಶಕ. ರಾಜಾಜಿನಗರವೆಂದರೆ ಆಗ ಅರ್ಧ ಮನೆ, ಅರ್ಧ ಹೊಲ. ಬ್ಲಾಕುಗಳಿಗೆ ನಂಬರು ಬಿದ್ದಿತ್ತು, ಬೀದಿಗಳಿಗೆ ಇನ್ನೂ ಹೆಸರಿರಲಿಲ್ಲ. ಸಿಮೆಂಟಿನ ಹಸಿ ವಾಸನೆ ಆರದ ಮನೆಗಳಿಗೆ ದಿನಾ ಹೊಸ ಸಂಸಾರಗಳು ಬಂದಿಳಿಯುತ್ತಿದ್ದವು. ನಾನು ದಾಕು ಹಾಕುವವನು. ಮನೆ ಮನೆಗೆ ಹೋಗಿ, ಸಿಡುಬು ಬರದ ಹಾಗೆ ಮಕ್ಕಳ ತೋಳಿಗೆ ಮದ್ದು ಸವರಿ, ಮುಳ್ಳಿನ ಬಿಲ್ಲೆಯಿದ್ದ ಒಂದು ಸಣ್ಣ ಉಪಕರಣವನ್ನು ಒತ್ತಿ ತಿರುಗಿಸಬೇಕು. ಎಂಟನೆಯ ದಿನ ಮತ್ತೆ ಹೋಗಿ ನೋಡಬೇಕು. ಗುಳ್ಳೆ ಎದ್ದಿದ್ದರೆ ಪುಸ್ತಕದಲ್ಲಿ "ಎದ್ದಿದೆ", ಇಲ್ಲದಿದ್ದರೆ "ಎದ್ದಿಲ್ಲ". ಎದ್ದಿಲ್ಲದವರಿಗೆ ಮುಂದಿನ ಸುತ್ತಿನಲ್ಲಿ ಇನ್ನೊಮ್ಮೆ. ಇಷ್ಟೇ ಕೆಲಸ. ಯಾರನ್ನಾದರೂ ಕೇಳು, ಇದೇನು ಮಹಾ ಎನ್ನುತ್ತಾರೆ.

ಮೊದಲಲ್ಲಿ ನನಗೂ ಮಹಾ ಅನ್ನಿಸುತ್ತಿರಲಿಲ್ಲ. ಇಷ್ಟಪಟ್ಟು ಮಾಡುತ್ತಿದ್ದೆ. ಅಂಗಿಯ ಜೇಬಿನಲ್ಲಿ ಒಂದು ತಗಡಿನ ಪೀಪಿ ಇಟ್ಟುಕೊಂಡಿರುತ್ತಿದ್ದೆ. ಮಗುವಿನ ಬಾಯಿಗೆ ಅದನ್ನು ಕೊಟ್ಟು ಊದು ಎಂದರೆ ಅದು ಉಸಿರು ಎಳೆದುಕೊಳ್ಳುತ್ತದೆ, ಊದುತ್ತದೆ, ಅಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದೆ. ಅಳುವುದು ನೆನಪಾಗುವಷ್ಟರಲ್ಲಿ ನಾನು ಪಕ್ಕದ ಮನೆಯಲ್ಲಿರುತ್ತಿದ್ದೆ. ಹಳ್ಳಿಗಳಲ್ಲಿ ನನ್ನನ್ನು ದಾಕಿನಪ್ಪ ಎನ್ನುತ್ತಿದ್ದರು. ದಾಕಿನಪ್ಪ ಬಂದ ಎಂದರೆ ಸಾಕು, ಬೀದಿ ಖಾಲಿ. ಮಕ್ಕಳನ್ನು ರಾಗಿ ತುಂಬುವ ವಾಡೆಯ ಹಿಂದೆ, ಅಟ್ಟದ ಮೇಲೆ ಬಚ್ಚಿಡುತ್ತಿದ್ದರು, ಒಮ್ಮೆ ಒಬ್ಬಾಕೆ ಕೋಳಿ ಪಂಜರದಲ್ಲಿ — ನಾನು ನಗುತ್ತಿದ್ದೆ. ಹತ್ತು ವರ್ಷ ನಗುತ್ತಿದ್ದೆ. ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಊರುಗಳಲ್ಲಿ ದಿನವಿಡೀ ಒಬ್ಬನೇ ಓಡಾಡುವುದು ಮನುಷ್ಯನಿಗೆ ಏನು ಮಾಡುತ್ತದೆಂದು ಆಗ ಯೋಚಿಸಲಿಲ್ಲ. ಸಂಜೆ ನಾನು ಹಿಂತಿರುಗುತ್ತಿದ್ದುದೂ ಒಂದು ಬಾಡಿಗೆ ಕೋಣೆಗೆ. ಅಲ್ಲಿಯೂ ಮಾತಾಡುವವರಿರಲಿಲ್ಲ.

ಆ ವರ್ಷ ನನ್ನ ಜೊತೆಯ ಹನುಮಂತಯ್ಯನವರು ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೊಸ ಬ್ಲಾಕುಗಳೂ ಹತ್ತಿರದ ಕೆಲವು ಹಳ್ಳಿಗಳೂ ನನಗಿದ್ದವು, ಈಗ ಅವರ ಹಳ್ಳಿಗಳೂ ಸೇರಿದವು, ಅತ್ತಿಗುಪ್ಪೆಯಿಂದ ಕೆಂಗೇರಿ ದಾರಿಯವರೆಗೆ. ಎರಡು ಮೂರು ತಿಂಗಳು ಹಿಗ್ಗಿನಲ್ಲೇ ನಡೆದೆ — ಇಬ್ಬರ ಕೆಲಸ ಒಬ್ಬನೇ ಮಾಡುತ್ತೇನೆಂಬ ಹಿಗ್ಗು. ಅದು ಬೇಗ ಕರಗುತ್ತದೆ.

ಯಾವಾಗ ಶುರುವಾಯಿತೆಂದು ಹೇಳಲಾರೆ. ಜ್ವರವಾಗಿದ್ದರೆ ಅದು ಬಂದ ಒಂದು ದಿನ ಇರುತ್ತಿತ್ತು, ನೆಗಡಿಯಾಗಿದ್ದರೆ ಮೊದಲ ಸೀನು ಇರುತ್ತಿತ್ತು. ಇದಕ್ಕೆ ಅಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಕೋಟಿನ ಗುಂಡಿ ಹಾಕಿಕೊಳ್ಳುವಾಗ ಎರಡನೆಯ ಗುಂಡಿಗೆ ಕೈ ನಿಂತುಬಿಡುತ್ತಿತ್ತು. ಮಂಚದ ಅಂಚಿನಲ್ಲಿ ಕೂತಿರುತ್ತಿದ್ದೆ. ಹೊರಗೆ ಹಾಲಿನವನು ಬಂದು ಹೋಗಿ, ಮಕ್ಕಳು ಸ್ಕೂಲಿಗೆ ಹೋಗಿ, ಬಿಸಿಲು ಹೊಸ್ತಿಲು ದಾಟಿದರೂ ಮೂರನೆಯ ಗುಂಡಿ ಹಾಗೆಯೇ. ಊಟಕ್ಕೆ ರುಚಿ ಹೋಯಿತು. ಭಾನುವಾರ ಗೋಡೆಯ ಕಡೆ ತಿರುಗಿ ಮಲಗಿದರೆ ಏಳುತ್ತಿದ್ದುದು ಸೋಮವಾರ, ಮಲಗಿದಾಗಿನದಕ್ಕಿಂತ ಹೆಚ್ಚು ದಣಿದು. ಪೀಪಿ ಎಲ್ಲಿ ಹೋಯಿತೋ. ಅದು ಜೇಬಿನಲ್ಲಿಲ್ಲ ಎನ್ನುವುದು ನನ್ನ ಗಮನಕ್ಕೆ ಬಂದದ್ದೇ ಎಷ್ಟೋ ವಾರಗಳಾದ ಮೇಲೆ, ಬಂದ ಮೇಲೂ ಹುಡುಕಲಿಲ್ಲ. ಮಕ್ಕಳ ಅಳು ಮೊದಮೊದಲು ಕಿವಿಗೆ ಚುಚ್ಚುತ್ತಿತ್ತು, ಆಮೇಲೆ ಕೇಳಿಸುವುದೇ ನಿಂತಿತು. ಬಾಯಿ ತೆರೆದ ಮಗು ಎದುರಿಗಿದೆ, ಶಬ್ದವಿಲ್ಲ. ನನಗೆ ಮುಖಗಳೂ ಕಾಣುತ್ತಿರಲಿಲ್ಲ, ಜಯಮ್ಮ. ತೋಳುಗಳು ಮಾತ್ರ. ಇನ್ನೆಷ್ಟು ತೋಳು, ಇನ್ನೆಷ್ಟು ತೋಳು ಎಂದು ಎಣಿಸುತ್ತ ನಡೆಯುತ್ತಿದ್ದೆ.

ಒಂದು ದಿನ ಮೂರನೆಯ ಬ್ಲಾಕಿನಲ್ಲಿ ಒಂದು ಕೂಸು ಒದ್ದಾಡಿತು. ಅದರ ತೋಳನ್ನು ಹಿಡಿದುಕೊಂಡೆ. ಕೆಲಸ ಮುಗಿದು ಕೈ ತೆಗೆದಾಗ ನನ್ನ ನಾಲ್ಕು ಬೆರಳೂ ಅದರ ಚರ್ಮದ ಮೇಲೆ ಕೆಂಪಗೆ ಮೂಡಿದ್ದವು. ಅದರ ತಾಯಿ ನನ್ನ ಮುಖವನ್ನು ಒಮ್ಮೆ ನೋಡಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಹೊರಗೆ ಬಂದು ನಲ್ಲಿಯಲ್ಲಿ ಕೈ ತೊಳೆದೆ. ನನ್ನ ಕೈ ಕಂಡು ನನಗೇ ಹೆದರಿಕೆಯಾಯಿತು.

ಅಂದು ಸಂಜೆ ರಜಾ ಅರ್ಜಿ ಬರೆಯಲು ಕೂತೆ. ಹೆಸರು, ಹುದ್ದೆ, ಎಷ್ಟು ದಿನ — ಎಲ್ಲಾ ಬಂತು. ಕಾರಣ ಎಂಬಲ್ಲಿ ಲೇಖನಿ ನಿಂತಿತು. ಏನೆಂದು ಬರೆಯುವುದು? ಮಕ್ಕಳ ಅಳು ಕೇಳಿಸುತ್ತಿಲ್ಲವೆಂದೇ? ಆ ಜಾಗ ಖಾಲಿ ಬಿಟ್ಟುಕೊಂಡೇ ಮರುದಿನ ನಮ್ಮ ಹೆಲ್ತ್ ಇನ್ಸ್‌ಪೆಕ್ಟರ್ ಶಾಮಣ್ಣನವರ ಮುಂದೆ ನಿಂತೆ.

"ಜ್ವರ ಇದೆಯೇನ್ರೀ ಕೃಷ್ಣಮೂರ್ತಿ?"

"ಇಲ್ಲ ಸಾರ್."

"ಹೊಟ್ಟೆ ಕೆಟ್ಟಿದೆಯಾ? ಊರಲ್ಲಿ ಯಾರಿಗಾದ್ರೂ ಹೆಚ್ಚು ಕಮ್ಮಿ?"

"ಇಲ್ಲ ಸಾರ್. ಸ್ವಲ್ಪ ಆಯಾಸ."

ಶಾಮಣ್ಣನವರು ಅರ್ಜಿಯನ್ನು ತಿರುಗಿಸಿ ನೋಡಿದರು. ಅವರನ್ನು ಇಲ್ಲಿ ಕೆಟ್ಟವರನ್ನಾಗಿ ಮಾಡಿದರೆ ನನಗೆ ಅನುಕೂಲ. ಆದರೆ ಅವರು ಕೆಟ್ಟವರಲ್ಲ. ಅವರು ಅಂದದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಆಡಿಲ್ಲ:

"ರಜಾ ಕೊಡೋಕೆ ಜನ ಇಲ್ಲ, ನಿಮಗೇ ಗೊತ್ತು. ಒಂದು ಕೆಲಸ ಮಾಡೋಣ. ಅತ್ತಿಗುಪ್ಪೆ ಮುಂದಿನ ತಿಂಗಳಿಗೆ ಹಾಕ್ಕೊಳ್ಳೋಣ. ಹೊಸಬ ಬಂದ್ರೆ ಅವನು ಹೋಗ್ತಾನೆ, ಬರದಿದ್ರೆ ನಾನೇ ಹೋಗ್ತೀನಿ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ ಕೃಷ್ಣಮೂರ್ತಿ, ಅದರಲ್ಲೇನಿದೆ?"

ಕೇಳಿಸಿತೇ, ಜಯಮ್ಮ? ಬಾಗಿಲು ತೆರೆದಿತ್ತು. ಆಗಲ್ಲ ಎನ್ನುವ ಒಂದು ಮಾತು. ಆದರೆ ಹತ್ತು ವರ್ಷದಲ್ಲಿ ನಾನು ಆ ಮಾತು ಆಡಿದವನಲ್ಲ, ನನ್ನ ಪುಸ್ತಕದಲ್ಲಿ ಒಂದು ಊರೂ ಖಾಲಿ ಉಳಿದಿರಲಿಲ್ಲ. ಹನುಮಂತಯ್ಯನವರು ಇಷ್ಟು ವರ್ಷ ನಡೆದ ದಾರಿ ನನಗೆ ಹೆಚ್ಚಾಯಿತು ಎಂದರೆ ಆಫೀಸಿನಲ್ಲಿ ಏನನ್ನುತ್ತಾರೆ... ಅಷ್ಟೇ. ಅಷ್ಟೇ ಇದ್ದದ್ದು.

"ಬೇಡ ಸಾರ್, ಮಾಡ್ತೀನಿ" ಎಂದೆ.

ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಮಾರ್ಗಶಿರದ ಚಳಿ. ಮಾಗಡಿ ರಸ್ತೆ ದಾಟಿ, ಹೊಲಗಳ ನಡುವೆ ನಡೆದು, ನಿಮ್ಮೂರಿನ ಹೊರಗಿದ್ದ ದೊಡ್ಡ ಬಾವಿಯ ಹತ್ತಿರ ಬಂದೆ. ಅಲ್ಲೊಂದು ಹೊಂಗೆ ಮರವಿತ್ತು. ಒಂದು ಗಳಿಗೆ ಕೂತು ಏಳೋಣವೆಂದು ಕೂತೆ. ಊರು ಕಾಣುತ್ತಿತ್ತು — ಹೆಂಚು, ಹೊಗೆ, ರಾಗಿ ಬೀಸುವ ಶಬ್ದ. ಒಂದು ನಾಯಿ ನನ್ನನ್ನು ನೋಡಿ ಬೊಗಳಿ, ಬೇಸರವಾಗಿ ಹೊರಟುಹೋಯಿತು. ಏಳಬೇಕು ಎಂದುಕೊಂಡೆ. ಕಾಲು ನೋಯುತ್ತಿರಲಿಲ್ಲ, ನಿದ್ದೆ ಬಂದಿರಲಿಲ್ಲ. ಎದ್ದೇಳು ಎಂದು ನನಗೆ ನಾನೇ ಹೇಳಿಕೊಂಡೆ, ಹೇಳಿದವನೂ ನಾನೇ, ಕೇಳದವನೂ ನಾನೇ.

ಬಿಸಿಲು ಏರಿತು. ಪುಸ್ತಕ ತೆರೆದೆ. ಹೆಸರುಗಳು ಆಗಲೇ ಅಲ್ಲಿದ್ದವು, ಊರಿನ ಜನನದ ಪಟ್ಟಿಯಿಂದ ಮೊದಲೇ ಇಳಿಸಿಕೊಂಡು ಹೋಗುವುದು ನಮ್ಮ ಪದ್ಧತಿ. ಇಪ್ಪತ್ತಮೂರು ಮಕ್ಕಳು. ಮುಂದಿನ ಕಾಲಮಿನಲ್ಲಿ ದಾಕು ಹಾಕಿದ ದಿನ ಬರೆಯಬೇಕು. ಮೊದಲ ಹೆಸರಿನ ಮುಂದೆ ಆ ದಿನದ ತಾರೀಖು ಬರೆದೆ. ಎಷ್ಟು ಸುಲಭವಾಗಿತ್ತು ಅದು. ಒಂದು ಮಗುವೂ ಅಳಲಿಲ್ಲ. ಮದ್ದಿನ ಗಾಜಿನ ನಳಿಗೆಗಳನ್ನು ಮರದ ಬುಡದಲ್ಲಿ ಮಣ್ಣು ಕೆದಕಿ ಹೂತೆ.

ಎಂಟನೆಯ ದಿನ ಮತ್ತೆ ಬಂದೆ. ಇದನ್ನು ಮರೆಯಬಾರದು — ಎಂಟನೆಯ ದಿನ ಇನ್ನೊಂದು ಅವಕಾಶವಿತ್ತು, ಊರು ಅಲ್ಲೇ ಇತ್ತು, ನನ್ನ ಚೀಲದಲ್ಲಿ ಮದ್ದೂ ಇತ್ತು. ಅದೇ ಮರದ ಕೆಳಗೆ ಕೂತು ಕೊನೆಯ ಕಾಲಮು ತುಂಬಿದೆ. ಎದ್ದಿದೆ, ಎದ್ದಿದೆ, ಎದ್ದಿದೆ. ಎಲ್ಲವೂ ಎದ್ದಿದ್ದರೆ ನಂಬುವವರಿಲ್ಲ, ಹತ್ತರಲ್ಲಿ ಒಂದೆರಡಾದರೂ ಎದ್ದಿರುವುದಿಲ್ಲ. ಆದ್ದರಿಂದ ಅಲ್ಲಲ್ಲಿ ನಾಲ್ಕು ಹೆಸರಿನ ಮುಂದೆ "ಎದ್ದಿಲ್ಲ" ಎಂದು ಬರೆದೆ. ಆರಿಸಲಿಲ್ಲ. ಲೇಖನಿ ಎಲ್ಲಿ ನಿಂತಿತೋ ಅಲ್ಲಿ. ಹದಿನಾರನೆಯ ಹೆಸರು — ತಿಮ್ಮಯ್ಯನ ಮಗಳು ಜಯ.

ಯುಗಾದಿ ಕಳೆದು ಬಿಸಿಲು ಕಾದಾಗ ಅತ್ತಿಗುಪ್ಪೆಯಿಂದ ಸುದ್ದಿ ಬಂತು. ಮೂವರಿಗೆ ಸಿಡುಬು. ಇಬ್ಬರು ದೊಡ್ಡವರು, ಅವರಿಗೆ ಹಗುರಾಗಿ ಹೋಯಿತು. ಮೂರನೆಯವಳು ನೀನು, ನಿನಗೆ ಆಗ ಮೂರು ತುಂಬಿರಲಿಲ್ಲ.

ಶಾಮಣ್ಣನವರ ಜೊತೆ ನಿಮ್ಮ ಮನೆಗೆ ಬಂದೆ. ಆ ಊರಿನ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು, ಯಾರ ಮನೆ ಎಲ್ಲಿದೆಯೆಂದು ಗೊತ್ತಿಲ್ಲದೆ ಶಾಮಣ್ಣನವರ ಹಿಂದೆ ಹಿಂದೆ ನಡೆದೆ. ಅವರಿಗೆ ಅದು ಹೊಳೆಯಲಿಲ್ಲ. ಒಳಗೆ ಬಾಳೆ ಎಲೆಯ ಮೇಲೆ ನಿನ್ನನ್ನು ಮಲಗಿಸಿದ್ದರು, ಸುತ್ತ ಬೇವಿನ ಸೊಪ್ಪು. ನಿನ್ನ ಮುಖ — ಬರೆಯುವುದಿಲ್ಲ. ಎಷ್ಟೋ ತಿಂಗಳ ಮೇಲೆ ನನಗೆ ಮೊದಲ ಸಲ ಕಂಡ ಮುಖ ಅದು.

ಜಗಲಿಯ ಮೇಲೆ ಶಾಮಣ್ಣನವರು ಪುಸ್ತಕ ತೆಗೆದರು. ನಿಮ್ಮಪ್ಪ, ನಿಮ್ಮಜ್ಜಿ, ಅಕ್ಕಪಕ್ಕದವರು ನಿಂತಿದ್ದರು. ನಿಮ್ಮವ್ವ ಸಾಕಮ್ಮನವರು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು.

"ದಾಕು ಹಾಕಿದೆ. ಎದ್ದಿಲ್ಲ ಅಂತ ಬರೆದಿದೆ" ಎಂದರು ಶಾಮಣ್ಣನವರು.

"ಇಲ್ಲ ಸ್ವಾಮಿ, ದಾಕಿನೋರು ಬರ್ಲೇ ಇಲ್ಲ" ಎಂದರು ನಿಮ್ಮವ್ವ. "ಆ ತಿಂಗಳೆಲ್ಲ ನಾನು ಮನೆ ಬಿಟ್ಟು ಹೋಗಿಲ್ಲ. ಯಾರೂ ಬರ್ಲಿಲ್ಲ."

"ಪುಸ್ತಕದಲ್ಲಿದೆಯಲ್ಲಮ್ಮ."

ನಿಮ್ಮವ್ವ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ನಾನೇ ಸಾಕ್ಷಿ ಎನ್ನುವಂತೆ, ಭರವಸೆಯಿಂದ ನೋಡಿದರು.

"ನೀವೇ ಹೇಳಿ ದಾಕಿನಪ್ಪ, ನೀವು ನಮ್ಮನೆಗೆ ಬಂದಿದ್ರಾ?"

ದಾಕು ಹಾಕಿಸಿಕೊಂಡ ಮೇಲೆ ನಾನು ಬೆನ್ನು ತಿರುಗಿಸಿದ ಕೂಡಲೇ ಅದನ್ನು ಹರಳೆಣ್ಣೆ ಬಟ್ಟೆಯಿಂದ ಒರೆಸಿಬಿಡುವ ತಾಯಂದಿರು ಇದ್ದರು. ಸಿಡುಬು ತರುವ ದೇವತೆ ಅಮ್ಮನಿಗೆ ಸಿಟ್ಟು ಬಂದೀತೆಂಬ ಭಯ ಅವರಿಗೆ. ಎಷ್ಟೋ ಮನೆಗಳಲ್ಲಿ ನಾನೇ ಕಣ್ಣಾರೆ ನೋಡಿದ್ದೆ, ಶಾಮಣ್ಣನವರೂ ನೋಡಿದ್ದರು. ಆದ್ದರಿಂದ ನಾನು ಹೆಚ್ಚು ಹೇಳಬೇಕಾಗಿರಲಿಲ್ಲ. ಬಂದಿದ್ದೆ ಎಂಬ ಸುಳ್ಳನ್ನು ಸಹ ಬಾಯಿಬಿಟ್ಟು ಆಡಬೇಕಾಗಲಿಲ್ಲ. ನಿಮ್ಮವ್ವನ ಕಡೆ ನೋಡದೆ, ಶಾಮಣ್ಣನವರ ಕಡೆ ತಿರುಗಿ, ಊರಿನ ಬಗ್ಗೆ ಮಾತಾಡುವ ಹಾಗೆ ಅಂದೆ:

"ಒರೆಸ್ಕೊಂಡಿರ್ತಾರೆ ಸಾರ್."

ಎರಡೇ ಮಾತು.

ನಿಮ್ಮಜ್ಜಿ ಮೊದಲು ಬಾಯಿ ತೆರೆದರು. "ನಾನು ಆವತ್ತು ಹೊಲಕ್ಕೆ ಹೋಗಿದ್ದೆ ಸ್ವಾಮಿ, ನಂಗೊತ್ತಿಲ್ಲ. ಇವಳೇ ಏನೋ ಮಾಡಿರ್ಬೇಕು." ಯಾವತ್ತು ಹೊಲಕ್ಕೆ ಹೋಗಿದ್ದರೋ ಪಾಪ, ದಿನ ಯಾವುದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅಕ್ಕಪಕ್ಕದವರ ಮನೆಗಳಿಗೂ ನಾನು ಹೋಗಿರಲಿಲ್ಲ, ಆದರೆ ಒರೆಸಿದ ಮಾತು ತಮ್ಮ ಮೇಲೂ ಬಂದೀತೆಂದು ಅವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ನಿಮ್ಮಪ್ಪ ಹೆಂಡತಿಯನ್ನು ಒಮ್ಮೆ ನೋಡಿ, ಜಗಲಿ ಇಳಿದು, ಚಪ್ಪಲಿ ಮೆಟ್ಟದೆ ಹೊರಟುಹೋದರು. ನಿಮ್ಮವ್ವ ಇನ್ನೊಂದು ಸಲ "ಬರ್ಲಿಲ್ಲ" ಎಂದರು. ಆ ಸಲ ಯಾರಿಗೂ ಹೇಳಲಿಲ್ಲ, ಮೆಲ್ಲಗೆ ತಮ್ಮಷ್ಟಕ್ಕೆ ಹೇಳಿಕೊಂಡರು, ನಿಜವಾಗಿಯೂ ಬರಲಿಲ್ಲವೇ ಎಂದು ನೆನಪು ಮಾಡಿಕೊಳ್ಳುವವರ ಹಾಗೆ. ಕಣ್ಣು ಹೋದದ್ದಕ್ಕಿಂತ — ಹೋಲಿಸಬಾರದು, ನಿನಗೆ ಹೇಳುವ ಮಾತಲ್ಲ — ಆದರೂ ಆ ಎರಡನೆಯ "ಬರ್ಲಿಲ್ಲ" ನನ್ನನ್ನು ಬಿಟ್ಟಿಲ್ಲ.

ಮರುದಿನದಿಂದ ನಿಮ್ಮೂರಿನ ಮಕ್ಕಳಿಗೆಲ್ಲ ಹೊಸದಾಗಿ ದಾಕು ಹಾಕಿದೆ. ಹಳೆಯ ಇಪ್ಪತ್ತಮೂರರ ಲೆಕ್ಕ ಅದರಲ್ಲಿ ಮುಚ್ಚಿಹೋಯಿತು. ಹೆದರಿಕೆಗೆ ಕೈಕಾಲು ತಾವಾಗಿ ಆಡುತ್ತಿದ್ದವು. ಪೆಟ್ಟಿಗೆಯ ತಳದಲ್ಲಿ ಪೀಪಿಯೂ ಸಿಕ್ಕಿತು. ಮೇಲಿನವರು ಮೆಚ್ಚಿದರು. ಹನುಮಂತಯ್ಯನವರ ಜಾಗಕ್ಕೆ ಆಳು ಬಂದ. ಶಾಮಣ್ಣನವರು ತಾವೇ ಒಂದು ಅರ್ಜಿ ತರಿಸಿ, ಕಾರಣವೆಂಬಲ್ಲಿ "ಆಯಾಸ" ಎಂದು ತಾವೇ ಬರೆದು, ಹದಿನೈದು ದಿನ ರಜಾ ಕೊಟ್ಟರು. ಅಷ್ಟು ಸಣ್ಣ ಮಾತು ಆ ಜಾಗದಲ್ಲಿ ಹಿಡಿಸುತ್ತಿತ್ತು, ನಾನು ಬರೆದಿರಲಿಲ್ಲ.

ರಜೆಯಲ್ಲಿ ನಿದ್ದೆ ಮಾಡಿದೆ. ಅನ್ನಕ್ಕೆ ರುಚಿ ಬಂತು. ಬೀದಿಯಲ್ಲಿ ಮಕ್ಕಳ ಗಲಾಟೆ ಮತ್ತೆ ಕಿವಿಗೆ ಬಿತ್ತು. ಹೇಳಲು ನಾಚಿಕೆಯಾಗುತ್ತದೆ, ಜಯಮ್ಮ — ನಾನು ಚೇತರಿಸಿಕೊಂಡೆ. ನೀನು ಅದೇ ದಿನಗಳಲ್ಲಿ ಒಂದು ಕಣ್ಣಿನಲ್ಲಿ ನಡೆಯುವುದನ್ನು ಕಲಿಯುತ್ತಿದ್ದೆ.

ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಅದೇ ಕೆಲಸ ಮಾಡಿದೆ, ಕೊನೆಕೊನೆಗೆ ಶಾಮಣ್ಣನವರ ಕುರ್ಚಿಯಲ್ಲೂ ಕೂತೆ. ನನ್ನ ಕೈಕೆಳಗಿನವರಲ್ಲಿ ಯಾವನಾದರೂ ಗುಂಡಿ ತಪ್ಪಾಗಿ ಹಾಕಿಕೊಂಡು ಬಂದರೆ, ಕೇಳಿದ್ದಕ್ಕೆ ಎರಡು ಸಲ "ಏನ್ ಸಾರ್?" ಎಂದರೆ, ಮಗುವಿನ ತೋಳನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದರೆ ನನಗೆ ತಿಳಿಯುತ್ತಿತ್ತು. ಇವತ್ತು ಮನೆಗೆ ಹೋಗಯ್ಯ, ನಿನ್ನ ಬೀದಿ ನಾನು ನೋಡ್ಕೋತೀನಿ ಎನ್ನುತ್ತಿದ್ದೆ. ಕಾರಣವೆಂಬಲ್ಲಿ ನಾನೇ ಬರೆಯುತ್ತಿದ್ದೆ. ಪುಸ್ತಕ ಖಾಲಿ ಬಿಟ್ಟು ತಂದವರನ್ನು ಒಂದು ದಿನವೂ ಬೈದವನಲ್ಲ. ಒಳ್ಳೆಯ ಸಾಹೇಬರು ಎಂದು ಹೆಸರು ಬಂತು. ಅದೇ ಪ್ರಾಯಶ್ಚಿತ್ತವೆಂದುಕೊಂಡು ಸಮಾಧಾನವಾಗಿದ್ದೆ. ಅವರು ಯಾರೂ ಸಾಕಮ್ಮನವರಲ್ಲ. ಸಾಕಮ್ಮನವರಿಗೆ ಅದರಲ್ಲಿ ಒಂದು ಚೂರೂ ತಲುಪಲಿಲ್ಲ.

ಆ ರೋಗವೇ ಈಗ ಲೋಕದಲ್ಲಿಲ್ಲವಂತೆ, ಪತ್ರಿಕೆಯಲ್ಲಿ ಬಂದಿತ್ತು. ಓದಿ ಸಂತೋಷಪಡಬೇಕಾದವರಲ್ಲಿ ನಾನೂ ಒಬ್ಬ. ಪತ್ರಿಕೆ ಮಡಿಸಿಟ್ಟೆ. ನಿಮ್ಮ ಮನೆಯಲ್ಲಿ ಅದು ಇನ್ನೂ ಹೋಗಿಲ್ಲ. ಅನ್ನ ಹಾಕುವ ಮಗಳು, ಮಾತಿಲ್ಲದ ತಾಯಿ — ಒಂದೇ ಒಲೆಯ ಮುಂದೆ ಇಪ್ಪತ್ತೈದು ವರ್ಷ.

ಇದನ್ನು ಕಾಗದದಲ್ಲಿ ಯಾಕೆ ಬರೆದೆನೆಂದು ಕೇಳುತ್ತೀಯ. ನಿನಗೆ ಓದು ಬರುವುದಿಲ್ಲ, ಕಣ್ಣಿನ ನೆವ ಹೇಳಿ ನಿನ್ನನ್ನು ಸ್ಕೂಲಿಗೆ ಕಳಿಸಲಿಲ್ಲವೆಂದು ನೀನೇ ಹೇಳಿದ್ದೆ — ಅದೂ ನನ್ನ ಕಡೆಗೇ ಬರುತ್ತದೆ. ಓದುವವರ ಕೈಗೆ ಕೊಟ್ಟು ಕಳಿಸಿ ಕೋಣೆಯಲ್ಲಿ ಕೂರುವುದಕ್ಕಲ್ಲ. ನನ್ನ ನಾಲಿಗೆ ಸಬ್ಬಸಿಗೆಯ ಕಡೆ ಜಾರಬಾರದೆಂದು ಬರೆದೆ. ಇದನ್ನು ಓದಬೇಕಾದವನು ನಾನೇ.

ನಾಳೆ ಶುಕ್ರವಾರ. ನೀನು ಬುಟ್ಟಿ ಇಳಿಸಿದಾಗ, ಇವತ್ತು ಸೊಪ್ಪು ಬೇಡಮ್ಮ, ನಿನ್ನ ಜೊತೆ ನಿಮ್ಮ ಮನೆಗೆ ಬರುತ್ತೇನೆ ಎನ್ನುತ್ತೇನೆ. ದಾರಿಯಲ್ಲಿ ನಿನಗೆ ಹೇಳುತ್ತೇನೆ. ಅರ್ಧ ದಾರಿಯಲ್ಲಿ ನೀನು ನನ್ನನ್ನು ಬಿಟ್ಟು ಮುಂದೆ ಹೋದರೂ ಹಿಂದೆ ನಡೆದು ಬರುತ್ತೇನೆ. ಆ ಹೊಂಗೆ ಮರ ಈಗ ಇದೆಯೋ ಇಲ್ಲವೋ. ಇದ್ದರೂ ಕೂರುವುದಿಲ್ಲ. ಅದೇ ಜಗಲಿಯ ಹತ್ತಿರ, ಅಕ್ಕಪಕ್ಕದವರನ್ನು ಕರೆಸಿ, ಎಲ್ಲರೆದುರಿಗೆ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಅವರು ಏನಾದರೂ ಕೊಡಬೇಕಾಗುತ್ತದೆ, ನನಗೆ ಕೊಡುವ ಕೆಲಸ ಅವರದಲ್ಲ.

ಸಾಕಮ್ಮನವರು ಅಂದು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಈ ಸಲ ಬೇರೆ ಯಾರ ಕಡೆಗೂ ತಿರುಗದೆ, ಅವರ ಮುಖ ನೋಡಿಕೊಂಡು ಹೇಳುತ್ತೇನೆ. ಇಲ್ಲಮ್ಮ, ನಾನು ಬಂದಿರಲಿಲ್ಲ.